ಲೋಕದ ಚರಿತ್ರೆಯೂ ಅಡ್ಡಗೋಡೆಯ ಬೆಕ್ಕೂ

ಪರೀಕ್ಷೆ ಪಾಸಾದೆ. ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಓದುವವರು ಕೊನೆಯವರೆಗೂ ಅದಕ್ಕೇ ಕಾಯುತ್ತ ಕೂರುತ್ತಾರೆ. ಮನೆಯಲ್ಲೇ ಕೂತು ಓದಿ ಕಟ್ಟಿದ ಬಿ.ಎ. ನನ್ನದು. ಉಳಿದ ಪತ್ರಿಕೆಗಳೆಲ್ಲ ಹೇಗೋ ದಡ ಸೇರಿ, ಪ್ರಪಂಚದ ಇತಿಹಾಸ ಎಂಬ ಒಂದೇ ಪತ್ರಿಕೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಮತ್ತೆ ಮೊದಲಿನಿಂದ ಓದುತ್ತಿದ್ದ ಆ ದಿನಗಳಲ್ಲಿ ನನಗೆ ನಿಜವಾಗಿ ಬೇಕಾಗಿದ್ದುದು ಅಂಕಪಟ್ಟಿಯಲ್ಲ. ಗೋಡೆಯಾಚೆ ಇದ್ದ ನನ್ನ ಓರಗಿತ್ತಿ ನನ್ನನ್ನು ಮತ್ತೆ ಮಾತಾಡಿಸಬೇಕಿತ್ತು.

ಓರಗಿತ್ತಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎಂದೇ ಕರೆಯುವುದು. ನನ್ನ ತವರು ಸೊರಬ ತಾಲ್ಲೂಕಿನಲ್ಲಿ, ಜಡೆಯ ಹತ್ತಿರ. ಕೊಟ್ಟದ್ದು ಶಿಕಾರಿಪುರದ ಬಯಲಿಗೆ, ಕುರಿ ಸಾಕುವ, ಮೆಕ್ಕೆಜೋಳ ಬೆಳೆಯುವ ಮನೆಗೆ. ಬಂದ ಹೊಸತರಲ್ಲಿ ನಾನು "ಹೋಗ್ತದೆ" ಎಂದರೆ ಮನೆಮಂದಿಯೆಲ್ಲ "ಹೋಗ್ತತಿ" ಎಂದು ತಿದ್ದಿ ನಗುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಎರಡು ದಿನ ಯಾರ ಜೊತೆಗೂ ಮಾತಾಡದೆ ಕೂತೆ. ಆಗ ಪಕ್ಕದಲ್ಲಿ ಬಂದು ಕೂತವಳು ಅಕ್ಕ. "ನಾ ಬಂದಾಗ ನನಗೂ ನಕ್ಕಿದ್ರು, ತಂಗಿ. ಈಗ ನೋಡು, ಎಲ್ಲರೂ ನನ್ನಂಗೇ ಮಾತಾಡ್ತಾರ" ಎಂದಳು. ಅದು ಸುಳ್ಳು. ಅವಳ ತವರು ಈಸೂರು, ಇದೇ ತಾಲ್ಲೂಕು, ಇದೇ ಮಾತು, ನಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆದರೂ ನಾನು ನಂಬಿದೆ, ನಂಬಿ ಊಟ ಮಾಡಿದೆ.

ಓದಲು ಹಚ್ಚಿದವಳೂ ಅವಳೇ. ಮದುವೆಯಾದಾಗ ನನ್ನ ಓದು ಪಿಯುಸಿಗೆ ನಿಂತಿತ್ತು. ಅಕ್ಕನನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿ ಕುರಿಯ ಹಿಂದೆ ಕಳಿಸಿದ್ದರಂತೆ. "ನೀ ಓದು, ರೊಟ್ಟಿ ನಾ ಬಡೀತೀನಿ" ಎಂದು ಒಂದು ದಿನ ಅಡುಗೆಮನೆಯಲ್ಲಿ ಹೇಳಿದವಳು, ಆಮೇಲೆ ಪ್ರತಿ ಪರೀಕ್ಷೆಯ ಕಾಲದಲ್ಲೂ ಹಾಗೇ ನಡೆದುಕೊಂಡಳು. ನನ್ನ ಪಾಲಿನ ರೊಟ್ಟಿ, ನನ್ನ ಪಾಲಿನ ಕಸ ಮುಸುರೆ ಎಲ್ಲ ಅವಳ ತಲೆಯ ಮೇಲೆ. ನಾನು ಕಂಬಕ್ಕೆ ಒರಗಿ ಗಟ್ಟಿಯಾಗಿ ಓದುತ್ತಿದ್ದರೆ ಅವಳ ರೊಟ್ಟಿಯ ತಾಳ ಹಿಂದಿನಿಂದ ಬರುತ್ತಿತ್ತು. ಗಟ್ಟಿಯಾಗಿ ಓದದಿದ್ದರೆ ನನಗೆ ತಲೆಗೆ ಹತ್ತುವುದಿಲ್ಲ. ನಮ್ಮೂರ ಶಾಲೆಯಲ್ಲಿ ಮನಸ್ಸಿನಲ್ಲೇ ಓದುವವರನ್ನು ನಿದ್ದೆ ಮಾಡುತ್ತಿದ್ದಾರೆಂದು ಎಬ್ಬಿಸುತ್ತಿದ್ದರು.

ಇನ್ನೊಂದೇ ಪತ್ರಿಕೆ ಉಳಿದಾಗ ಮನೆ ಪಾಲಾಯಿತು.

ಜಗಳ ಅಣ್ಣತಮ್ಮಂದಿರದು, ಹೊಲಕ್ಕೆ ಹೋಗುವ ದಾರಿಯ ವಿಷಯ. ಅದು ಹೇಗೆ ಶುರುವಾಯಿತೆಂದು ಈಗ ಕೇಳಿದರೆ ಇಬ್ಬರೂ ತಲೆ ಕೆರೆದುಕೊಳ್ಳುತ್ತಾರೆ. ಪಂಚರು ಕೂತು ಕುರಿ ಹಿಂಡನ್ನು ಭಾವನವರಿಗೂ ಕೆರೆ ಕೆಳಗಿನ ಗದ್ದೆಯನ್ನು ನಮಗೂ ಮಾಡಿದರು. ಮನೆಯನ್ನು ನಡುವೆ ಗೋಡೆ ಕಟ್ಟಿ ಎರಡು ಮಾಡಿದರು. ಸಿಮೆಂಟ್ ಇಟ್ಟಿಗೆಯ ಗೋಡೆ ಬಾಗಿಲ ಎತ್ತರಕ್ಕೆ ಬಂದಾಗ ಗೌಂಡಿ ಕೈ ನಿಲ್ಲಿಸಿ, "ಇನ್ನು ಮ್ಯಾಲೆ ಹೋಗ್ಬೇಕಂದ್ರೆ ಹೆಂಚು ಬಿಚ್ಚಬೇಕಾಗ್ತತಿ, ಮಳೆ ಕಳೀಲಿ ಬಿಡ್ರಿ" ಎಂದ. ಮಳೆ ಕಳೆಯಿತು. ಗೌಂಡಿ ಬರಲಿಲ್ಲ, ಯಾರೂ ಕರೆಯಲೂ ಇಲ್ಲ. ಹಾಗಾಗಿ ಗೋಡೆಯ ನೆತ್ತಿಗೂ ಹೆಂಚಿಗೂ ನಡುವೆ ಒಬ್ಬ ಮನುಷ್ಯ ಬಗ್ಗಿ ಕೂರುವಷ್ಟು ಜಾಗ ಹಾಗೇ ಉಳಿಯಿತು. ಆಚೆಯ ಒಗ್ಗರಣೆಯ ಘಾಟಿಗೆ ನಾವು ಕೆಮ್ಮುತ್ತಿದ್ದೆವು, ನಮ್ಮ ಟಿವಿಯ ಸುದ್ದಿಗೆ ಅವರು ಹೂಂಗುಟ್ಟುತ್ತಿದ್ದರು.

ಗಂಡಸರು ಮುನಿಸಿಕೊಂಡ ಮೇಲೆ ಹೆಂಗಸರು ಮಾತಾಡಿದರೆ ಅದು ಗಂಡನ ಮನೆತನಕ್ಕೆ ದ್ರೋಹ ಎಂಬಂತೆ ನಾವೂ ಮಾತು ಬಿಟ್ಟೆವು. ತಮಾಷೆ ಏನೆಂದರೆ ಮುಂದಿನ ಬಿತ್ತನೆಯ ಹೊತ್ತಿಗೆ ಬೋರಿನ ಮೋಟರು ಕೆಟ್ಟು ಅಣ್ಣತಮ್ಮಂದಿರು ಮಾತಾಡಲೇಬೇಕಾಯಿತು. ಆಮೇಲೆ ಇಬ್ಬರೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯತೊಡಗಿದರು. ಆದರೆ ಇನ್ನು ನೀವೂ ಮಾತಾಡಿ ಎಂದು ನಮಗೆ ಯಾರೂ ಹೇಳಲಿಲ್ಲ. "ನಾನು ಅಕ್ಕನ ಹತ್ರ ಮಾತಾಡ್ಲಾ?" ಎಂದು ನಮ್ಮನೆಯವರನ್ನು ಕೇಳಿದರೆ, "ನೋಡು, ನಿಂಗೆ ಹೆಂಗೆ ಕಾಣ್ತತಿ ಹಂಗೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನನಗೆ ಕಂಡದ್ದು ಇಷ್ಟು: ಮೊದಲು ಬಾಯಿ ತೆರೆದವಳು ಸೋತಂತೆ. ಅಕ್ಕನಿಗೂ ಹಾಗೇ ಕಂಡಿರಬೇಕು. ಸೋಲಲು ಇಬ್ಬರಿಗೂ ಬರುತ್ತಿರಲಿಲ್ಲ.

ಆ ವರ್ಷ ನಾನು ಆ ಪತ್ರಿಕೆಯಲ್ಲಿ ಫೇಲಾದೆ. ರೊಟ್ಟಿಯ ಸದ್ದಿಲ್ಲದೆ ಓದು ಹತ್ತಲಿಲ್ಲ ಎಂದರೆ ಯಾರಾದರೂ ನಗಬಹುದು. ನಗಲಿ.

ಮನೆಯಲ್ಲಿ ಪಾಲಾಗದೆ ಉಳಿದದ್ದು ಒಂದು ಬೂದು ಬಣ್ಣದ ಬೆಕ್ಕು. ಪಂಚರಿಗೆ ಅದರ ನೆನಪೇ ಬಂದಿರಲಿಲ್ಲ. ಅದು ಗೋಡೆಯ ನೆತ್ತಿಯ ಮೇಲೆ ಮಲಗಿ, ಹಸಿವಾದಾಗ ಯಾವ ಕಡೆ ಮೀನಿನ ವಾಸನೆ ಬಂದರೆ ಆ ಕಡೆಗೆ ಇಳಿಯುತ್ತಿತ್ತು. ನಮ್ಮಲ್ಲಿ ಮಾತು ಬಿಟ್ಟವರಿಗೆ ಒಂದು ಸೌಕರ್ಯವಿದೆ, ದನಕ್ಕೋ ನಾಯಿಗೋ ಹೇಳಿದಂತೆ ಮಾಡಿ ಕೇಳಬೇಕಾದವರಿಗೆ ಕೇಳಿಸಬಹುದು. ಅದು ಮಾತಿನ ಲೆಕ್ಕಕ್ಕೆ ಬರುವುದಿಲ್ಲ, ಯಾರೂ ಸೋತಂತೆಯೂ ಆಗುವುದಿಲ್ಲ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೋರಿಸಿದವರು ಬಹಳ, ಓರಗಿತ್ತಿಯ ಮೇಲಿನ ಪ್ರೀತಿಯನ್ನು ಕೊತ್ತಿಗೆ ತೋರಿಸಿದವರು ಬಹುಶಃ ನಾವಿಬ್ಬರೇ.

ಮರುವರ್ಷ ನಾನು ಪುಸ್ತಕ ಹಿಡಿದು ಕೂತದ್ದು ಮಧ್ಯಾಹ್ನದ ಊಟವಾದ ಮೇಲೆ, ಗೋಡೆಗೆ ಬೆನ್ನು ಕೊಟ್ಟು. ಸುಗ್ಗಿ ಮುಗಿದಿತ್ತು. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ಮಲಗಿಸುವ ಕಾಲ ಅದು. ಭಾವನವರ ಹಿಂಡು ಉಡುತಡಿ ಕಡೆ ಹೋಗಿತ್ತು, ಮರಿಗಳನ್ನು ನೋಡಿಕೊಳ್ಳಲು ಅಕ್ಕನೂ ಹೋಗಿದ್ದಳು. ಹಾಗಾಗಿ ನೈಲ್ ನದಿ, ಯೂಫ್ರೆಟಿಸ್ ನದಿ, ಗ್ರೀಕರು, ರೋಮನ್ನರು ಎಲ್ಲ ಖಾಲಿ ಮನೆಗೆ ಕೇಳಿಸುವಂತೆ ಸಾಗಿದರು. ರೋಮ್ ಸಾಮ್ರಾಜ್ಯ ಬಿದ್ದಾಗ ಬೆಕ್ಕು ಒಮ್ಮೆ ಮೈಮುರಿದು ಮಗ್ಗುಲು ಬದಲಿಸಿತು.

ಯುರೋಪಿನ ಹಡಗುಗಳು ಸಮುದ್ರಕ್ಕೆ ಇಳಿಯುವ ಅಧ್ಯಾಯಕ್ಕೆ ಬಂದ ದಿನ ಆಚೆ ಕಡೆ ಪಾತ್ರೆಯ ಸದ್ದಾಯಿತು. ಅಕ್ಕ ಹಿಂದಿರುಗಿದ್ದಳು. ನನ್ನ ದನಿ ನನಗೇ ತಿಳಿಯದಂತೆ ಒಂದು ಪಟ್ಟು ಏರಿತು. ಕಾಳುಮೆಣಸಿಗಾಗಿ ಆಫ್ರಿಕದ ತುದಿಯನ್ನು ಸುತ್ತಿಕೊಂಡು ಹಿಂದೂಸ್ತಾನಕ್ಕೆ ಬಂದರು ಎಂದು ಓದಿ ಉಸಿರು ಬಿಟ್ಟೆ. ಆಗ ಗೋಡೆಯಾಚೆಯಿಂದ ಬಂತು:

"ಕೇಳಿದ್ಯೇನಲೇ ಬೆಕ್ಕೇ? ಮೆಣಸಿನಕಾಳಿಗೆ ಅಷ್ಟು ದೂರ ಬಂದಿದ್ರಂತ. ನಮ್ಮನೆಯಾಗ ಡಬ್ಬಿ ತುಂಬ ಐತಿ, ಕೇಳೋರಿಲ್ಲ."

ಆ ಡಬ್ಬಿ ನನ್ನ ತವರಿನದು. ವರ್ಷ ವರ್ಷ ಜಡೆಯಿಂದ ನಾನೇ ತಂದು ತುಂಬಿಸುತ್ತಿದ್ದೆ, ಪಾಲಿನಲ್ಲಿ ಅದು ಆಚೆಗೆ ಹೋಗಿತ್ತು. ಮುಂದಿನ ಪುಟವನ್ನು ಇನ್ನೂ ಗಟ್ಟಿಯಾಗಿ ಓದಿದೆ.

ಅಲ್ಲಿಂದ ಅದು ದಿನದ ರೂಢಿಯಾಯಿತು. ಊಟವಾದ ಮೇಲೆ ನಾನು ಈಚೆ ಕೂರುತ್ತಿದ್ದೆ. ಆಚೆ ಅಕ್ಕ ಕಾಳು ಹಸನು ಮಾಡುವುದೋ ರೊಟ್ಟಿ ಬಡಿಯುವುದೋ ಏನೋ ಒಂದು ಕೆಲಸ ತಂದುಕೊಳ್ಳುತ್ತಿದ್ದಳು. ಫ್ರಾನ್ಸಿನ ರಾಜನ ತಲೆ ತೆಗೆದ ಮರುದಿನ ನಾನು ಮುಂದಿನ ಅಧ್ಯಾಯ ಹಿಡಿದರೆ ಆಚೆಯಿಂದ ಬೆಕ್ಕಿನ ಮೇಲೆ ಗದರಿಕೆ ಬಂತು. "ಅವನ ಮಕ್ಕಳ ಗತಿ ಏನಾತು ಅಂತ ಒಬ್ಬರಾದ್ರೂ ಹೇಳಿದ್ರೇನೇ ನಿನಗೆ? ತಲೆ ಹೋತು ಅಂತ ಹೇಳಿ ಎದ್ದು ಹೋದ್ರೆ ಆತೇನು?" ಪುಸ್ತಕದಲ್ಲಿ ಮಕ್ಕಳ ಸುದ್ದಿಯೇ ಇರಲಿಲ್ಲ. ಪರೀಕ್ಷೆಗೆ ಬಾರದ ಆ ವಿಷಯವನ್ನು ನಾನು ಫೋನಿನಲ್ಲಿ ಹುಡುಕಿ, ಮಗ ಸೆರೆಮನೆಯಲ್ಲೇ ಸತ್ತ, ಮಗಳು ಬದುಕಿ ಉಳಿದಳು ಎಂದು ಬೆಕ್ಕಿಗೆ ತಿಳಿಸಿದೆ. "ಪಾಪ, ಒಂದಾದ್ರೂ ಉಳೀತಲ್ಲ" ಎಂದು ಬೆಕ್ಕಿಗೆ ಸಮಾಧಾನ ಹೇಳಿದಳು.

ಅವಳು ನಿಜವಾಗಿ ಕೆರಳಿದ್ದು ಇಂಗ್ಲೆಂಡಿನ ಬೇಲಿಗಳ ಅಧ್ಯಾಯಕ್ಕೆ. ಉಣ್ಣೆಗೆ ಬೆಲೆ ಬಂದಾಗ ಅಲ್ಲಿನ ಜಮೀನ್ದಾರರು ಊರಿನ ಸಾಮೂಹಿಕ ಗೋಮಾಳಕ್ಕೆ ಬೇಲಿ ಹಾಕಿ ಕುರಿ ಬಿಟ್ಟರು, ಬಡರೈತರು ನೆಲೆ ಕಳೆದುಕೊಂಡು ಪಟ್ಟಣ ಸೇರಿದರು, ಕುರಿಗಳೇ ಮನುಷ್ಯರನ್ನು ತಿಂದುಹಾಕಿದವು ಎಂದು ಜನ ಆಡಿಕೊಂಡರು. ಇಷ್ಟು ಓದುವಷ್ಟರಲ್ಲಿ ಆಚೆ ಮೊರ ನೆಲಕ್ಕೆ ಬಿದ್ದ ಸದ್ದು.

"ಬೇಲಿ ಹಾಕಿದಾವ ಮನಷ್ಯಾ, ಹೆಸರು ಕುರೀದೇನು? ಬೆಕ್ಕೇ, ನೀನೇ ಹೇಳು. ಕುರಿ ಯಾವತ್ತಾರ ಬೇಲಿ ಹಾಕೇತೇನು? ಇದ್ದ ಬೇಲಿ ಹಾರೇತಿ, ಅಷ್ಟೇ."

ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆಚೆಗೂ ನಗು ಬಂದಿರಬೇಕು, ಬಳೆಯ ಸದ್ದು ಕುಲುಕಿತು. ಇಷ್ಟು ಹತ್ತಿರದಲ್ಲಿ ನಗುತ್ತಿದ್ದೂ ಒಬ್ಬರ ಮುಖ ಒಬ್ಬರು ನೋಡದಿರುವುದು ಆ ಗಳಿಗೆಯಲ್ಲಿ ಬಹಳ ನೋಯಿಸಿತು. ಏನು ಕರ್ಮ ಇದು ಎಂದು ನನ್ನನ್ನೇ ಬೈದುಕೊಂಡೆ. ಆದರೆ ಅಂಗಳಕ್ಕೆ ಹೋದಾಗ ಇಬ್ಬರೂ ಮುಖ ತಿರುಗಿಸಿಕೊಂಡೇ ಬಟ್ಟೆ ಒಣಗಿಸಿದೆವು.

ಒಮ್ಮೆ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಆ ದಿನ ಮನಸ್ಸಿನಲ್ಲೇ ಓದಿಕೊಂಡೆ. ಮರುದಿನವೂ ದನಿ ಬರಲಿಲ್ಲ. "ಏನಲೇ ಬೆಕ್ಕೇ, ಲೋಕಕ್ಕೆ ರಜಾ ಏನು?" ಎಂದು ಆಚೆಯಿಂದ ಕೇಳಿತು. ನಾನು ಕೆಮ್ಮಿದೆ. ಸ್ವಲ್ಪ ಹೊತ್ತಿಗೆ ಗೋಡೆಯ ನೆತ್ತಿಯ ಮೇಲೆ ಮುಚ್ಚಳ ಹಾಕಿದ ಒಂದು ಚೊಂಬು ಬಂದು ಕೂತಿತು. ಬೆಕ್ಕು ಮೂಸಿ, ಸೀನಿ, ದೂರ ಸರಿಯಿತು. ಕಾಳುಮೆಣಸು ಕುಟ್ಟಿ ಹಾಕಿದ ಬೆಲ್ಲದ ಕಷಾಯ, ನನ್ನ ತವರಿನದೇ ಮೆಣಸು. ಬೆಕ್ಕು ಕಷಾಯ ಕುಡಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕುಡಿದೆ, ಬಿಸಿಗೆ ಕಣ್ಣಲ್ಲಿ ನೀರು ಬಂತು, ಬಿಸಿಗೆ ಮಾತ್ರ ಅಲ್ಲ. ಒಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ತೊಳೆದು, ಒಂದು ಉಂಡೆ ಬೆಲ್ಲ ಹಾಕಿ ಅಲ್ಲೇ ಇಟ್ಟೆ.

ಗೋಡೆಯ ಕಥೆ ಹೇಳುತ್ತಿದ್ದೇನಾದ್ದರಿಂದ ಬರ್ಲಿನ್ನಿನದು ಯಾವಾಗ ಬರುತ್ತದೆಂದು ಓದುವವರು ಕಾಯುತ್ತಿರಬಹುದು. ನಾನೂ ಕಾದಿದ್ದೆ. ಎರಡು ಮಹಾಯುದ್ಧ ಮುಗಿಸಿ ಶೀತಲ ಸಮರಕ್ಕೆ ಬಂದಾಗ, ಒಂದು ಊರನ್ನು ಸೀಳಿದ ಆ ಗೋಡೆಯನ್ನು ಜನರೇ ಸುತ್ತಿಗೆ ಹಿಡಿದು ಒಡೆದರು ಎಂಬುದನ್ನು ನಿಧಾನವಾಗಿ, ಒತ್ತಿ ಒತ್ತಿ, ಎರಡು ಸಲ ಓದಿದೆ. ಆಚೆ ಕಡೆ ಮಿಕ್ಸಿ ಓಡುತ್ತಿತ್ತು. ಅದು ನಿಂತಾಗ ಅಕ್ಕ ಬೆಕ್ಕಿಗೆ, "ಮೆಂತ್ಯ ಜಾಸ್ತಿ ಆತು" ಎಂದಳು. ನನ್ನ ಬರ್ಲಿನ್ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಕೊನೆಗೆ ಉಳಿದದ್ದು ಹಳೆಯ ಸಾಮ್ರಾಜ್ಯಗಳಿಂದ ದೇಶಗಳು ಬಿಡುಗಡೆಯಾದ ಅಧ್ಯಾಯ. ಅದರಲ್ಲಿ ನಮ್ಮ ದೇಶಕ್ಕೆ ಒಂದು ಪುಟವೂ ಪೂರ್ತಿ ಇರಲಿಲ್ಲ. ಅದನ್ನು ಓದಿ ಆಫ್ರಿಕಕ್ಕೆ ದಾಟುವಾಗ ಆಚೆಯಿಂದ ಸಣ್ಣ ದನಿ ಬಂತು. ಈ ಸಲ ಗದರಿಕೆ ಇರಲಿಲ್ಲ.

"ಇಷ್ಟು ದೊಡ್ಡ ಪುಸ್ತಕದಾಗ ನಮ್ಮ ಈಸೂರಿಂದು ಒಂದು ಸಾಲೂ ಬರಲಿಲ್ಲಲ್ಲೇ, ಬೆಕ್ಕೇ."

ತವರೂರಿನ ಹೋರಾಟದ ಸಂಗತಿಯನ್ನು ಅವಳು ಚಿಕ್ಕಂದಿನಲ್ಲಿ ಜಗುಲಿಯ ಮೇಲೆ ಕೇಳಿ ಬೆಳೆದವಳು. ಒಟ್ಟಿಗಿದ್ದಾಗ ನನಗೂ ಎಷ್ಟೋ ಸಲ ಹೇಳಿದ್ದಳು. ಪುಸ್ತಕದ ಕೊನೆಯವರೆಗೂ ಅದು ಬಂದೀತೆಂದು ಕಾದಿದ್ದಳು ಎಂದು ಆಗ ಹೊಳೆಯಿತು. ಪುಟ ಹಿಂದೆ ತಿರುಗಿಸಿದೆ. ಕೆಮ್ಮಿ ಗಂಟಲು ಸರಿಮಾಡಿಕೊಂಡು, ಬಿಟ್ಟುಹೋಗಿದ್ದನ್ನು ಓದುವವಳಂತೆ ಓದಿದೆ: "ಇದೇ ಕಾಲದಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಎಂಬ ಗ್ರಾಮದ ಜನರು ತಮ್ಮ ಊರು ಸ್ವತಂತ್ರವೆಂದು ಸಾರಿ, ತಮ್ಮದೇ ಸರ್ಕಾರ ನಡೆಸಿ, ಅದಕ್ಕಾಗಿ ಪ್ರಾಣವನ್ನೂ ತೆತ್ತು ಲೋಕದ ಚರಿತ್ರೆಯಲ್ಲಿ ಸ್ಥಾನ ಪಡೆದರು." ಪುಸ್ತಕದ ಆ ಪುಟದಲ್ಲಿ ಇದ್ದದ್ದು ಒಂದು ನಕ್ಷೆ ಮಾತ್ರ. ಆಚೆ ರೊಟ್ಟಿ ಬಡಿಯುವುದು ಮತ್ತೆ ಶುರುವಾಯಿತು.

ಪರೀಕ್ಷೆ ಶಿಕಾರಿಪುರದಲ್ಲಿ. ಬೆಳಗಿನ ಬಸ್ಸಿಗೆಂದು ಬಾಗಿಲು ದಾಟಿ ಬೀದಿಗೆ ಇಳಿದರೆ ಎದುರಿಗೆ ಅಕ್ಕ ಬರುತ್ತಿದ್ದಳು. ಸೊಂಟದ ಮೇಲೆ ತಾಮ್ರದ ಕೊಡ, ಕಂಠಮಟ್ಟ ನೀರು, ತಲೆಯಲ್ಲಿ ಹೂವು. ಅವಳ ಮನೆಯೊಳಗೇ ನಲ್ಲಿ ಇದೆ. ಬೀದಿ ನಲ್ಲಿಗೆ ಅವಳು ಹೋಗಿ ಎಷ್ಟು ಕಾಲವಾಗಿತ್ತೋ. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ತುಂಬಿದ ಕೊಡದ ಮುತ್ತೈದೆ ಎದುರಾಗಬೇಕು, ಶಕುನ ತಾನಾಗಿ ಬರುವುದೆಂದು ಅವಳು ನಂಬಿ ಕೂರಲಿಲ್ಲ. "ಅಕ್ಕ" ಎನ್ನಲು ಬಾಯಿ ತೆರೆದೆ. ಅವಳು ಕಣ್ಣಲ್ಲೇ ಗದರಿಸಿದಳು. ಹೊರಟವರನ್ನು ನಿಲ್ಲಿಸಿ ಮಾತಾಡಿಸಬಾರದು, ಎಲ್ಲಿಗೆಂದು ಕೇಳಬಾರದು, ಹಿಂದಿನಿಂದ ಕರೆಯಬಾರದು. ಅವಳ ಪಕ್ಕದಲ್ಲೇ ದಾಟಿ ಹೋದೆ. ಬಸ್ಸಿನಲ್ಲಿ ಪಕ್ಕದವರು "ಯಾಕ್ರೀ ಅಳ್ತೀರಿ, ಪರೀಕ್ಷೆ ಹೆದರಿಕೇನಾ?" ಎಂದು ಕೇಳಿದಾಗ ಹೌದೆಂದು ತಲೆಯಾಡಿಸಿದೆ.

ಅಕ್ಕ ಕೇಳಿದ್ದ ಯಾವುದೂ ಪ್ರಶ್ನೆಪತ್ರಿಕೆಯಲ್ಲಿ ಬಂದಿರಲಿಲ್ಲ. ಸಾಮ್ರಾಜ್ಯಗಳ ಏಳುಬೀಳು, ಮಹಾಯುದ್ಧಗಳ ಕಾರಣಗಳು, ಅವೇ ಮಾಮೂಲು. ಕೈ ನೋಯುವಷ್ಟು ಬರೆದೆ.

ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಅಭ್ಯಾಸಕ್ಕೆ ಗೋಡೆಯ ಬುಡದಲ್ಲಿ ಕೂತೆ. ಆಗ ಭಯವಾಯಿತು. ಪರೀಕ್ಷೆ ಮುಗಿದಿದೆ. ಇನ್ನು ನಾನು ಗಟ್ಟಿಯಾಗಿ ಓದುವುದಕ್ಕೆ ಏನು ನೆಪ? ನಾನು ಓದದಿದ್ದರೆ ಅವಳು ಬೆಕ್ಕಿಗೆ ಏನು ಕೇಳುತ್ತಾಳೆ? ಈ ಸಲವೂ ಫೇಲಾದರೇ ಒಳ್ಳೆಯದು ಎಂದು ಕೂಡ ಅನ್ನಿಸಿಬಿಟ್ಟಿತು. ಮುಚ್ಚಿದ ಪುಸ್ತಕವನ್ನು ಪಕ್ಕಕ್ಕಿಟ್ಟೆ. ಆಚೆ ರೊಟ್ಟಿಯ ಸದ್ದು ನಡೆದಿತ್ತು. ನಿಂತಿತು.

"ಏನವ್ವ, ಹೆಂಗಾತು?"

ರೂಢಿಯಂತೆ ಕತ್ತೆತ್ತಿ ಗೋಡೆಯ ನೆತ್ತಿ ನೋಡಿದೆ. ಅಲ್ಲಿ ಬೆಕ್ಕಿರಲಿಲ್ಲ. ಬೆಕ್ಕು ಆಗಲೇ ಇಳಿದು ಬಂದು ನನ್ನ ಮಡಿಲಲ್ಲಿ ಮಲಗಿತ್ತು.

"ಚೆನ್ನಾಗಾತು, ಅಕ್ಕ" ಎಂದೆ.

"ಈಸೂರಿಂದು ಕೇಳಿದ್ರೇನು?"

"ಇಲ್ಲ."

"ಹೆಂಗೆ ಕೇಳ್ತಾರ? ಪುಸ್ತಕದಾಗ ಇದ್ರಲ್ಲವಾ?" ಎಂದಳು. ಆಮೇಲೆ ಹೇಳಿದಳು, "ಪುಸ್ತಕ ಓದುವಾಗ ನೀ ಎಡವಿ ಎಡವಿ ಓದ್ತಿ, ತಂಗಿ. ಅದೊಂದು ಸಾಲಿಗೆ ಎಡವಲಿಲ್ಲ."

ನಾನು ಅತ್ತೆನೋ ನಕ್ಕೆನೋ ಈಗ ನೆನಪಿಲ್ಲ, ಎರಡೂ ಆಗಿರಬೇಕು. ಆಚೆಯೂ ಮೂಗು ಸೀಟಿದ ಸದ್ದು ಕೇಳಿಸಿತು.

"ಮೊದಲಿಂದು ನಾ ಕೇಳಿಲ್ಲ" ಎಂದಳು. "ಉಡುತಡಿಗೆ ಹೋಗಿದ್ನಲ್ಲ. ಮೊದಲಿಂದ ಓದು."

"ಪರೀಕ್ಷೆ ಮುಗೀತಲ್ಲ ಅಕ್ಕ."

"ಮುಗದ್ರೆ ಮುಗೀಲಿ. ಕೂಗಬ್ಯಾಡ, ಮತ್ತ ಗಂಟಲು ಕಟ್ಟೀತು. ತಡಿ, ನಾನೇ ಆ ಕಡೆ ಬರ್ತೀನಿ."

ಆಚೆ ಬಾಗಿಲ ಚಿಲಕ ತೆಗೆದ ಸದ್ದಾಯಿತು. ನಾನು ನಮ್ಮ ಬಾಗಿಲು ತೆಗೆಯಲು ಎದ್ದೆ. ಬೆಕ್ಕು ಬೈದುಕೊಳ್ಳುತ್ತ ಮಡಿಲಿಂದ ಇಳಿಯಿತು.